60ರ ರಸ್ತೆಯಲ್ಲಿ 78

ವೇಗದ ಮಿತಿ ಮೀರಿದ್ದಕ್ಕೆ ದಂಡದ ನೋಟಿಸ್ ಬಂದಿದೆ. ಜೊತೆಗೊಂದು ಫೋಟೋ.

ನನ್ನ ಕಾರಿನ ಹಿಂಭಾಗ. ಎಷ್ಟು ಸ್ಪಷ್ಟ ಅಂದರೆ, ನಂಬರ್ ಪ್ಲೇಟಿನ ಎಡ ಮೂಲೆಯಲ್ಲಿ ಒಣಗಿದ ಕೆಸರಿನ ಚುಕ್ಕೆಯೂ ಕಾಣುತ್ತಿದೆ. ತೊಳೆಯಬೇಕು ಅಂದುಕೊಂಡು ಎರಡು ವಾರ ಆಯ್ತು.

ಮೊದಲು ಅನ್ನಿಸಿದ್ದು, ಇದನ್ನು ಪ್ರಶ್ನಿಸೋಣ ಅಂತ. ನನ್ನ ಮೀಟರ್ ಕಡಿಮೆ ತೋರಿಸಿರಬಹುದು ಅಲ್ವಾ? ಸುಮ್ನೆ ಹುಡುಕಿ ನೋಡಿದೆ. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಜಾಸ್ತಿಯೇ ತೋರಿಸುತ್ತದಂತೆ. ಅಂದರೆ ಕ್ಯಾಮೆರಾ 78 ಅಂದಾಗ ನನ್ನ ಮುಳ್ಳು 80 ದಾಟಿತ್ತೇನೋ!

ವಾದ ಅಲ್ಲಿಗೇ ಠುಸ್.

ಇನ್ನೊಂದು ಲೆಕ್ಕವೂ ಕಣ್ಣಿಗೆ ಬಿತ್ತು. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಕಾರು ಓಡುವ ದೂರ ನಾಲ್ಕು ಪಟ್ಟು. 60ರ ಬದಲು 78 ಅಂದರೆ ಸುಮಾರು 1.7 ಪಟ್ಟು. ನಾನೋ, ಬರೀ 18 ಜಾಸ್ತಿ ತಾನೇ ಅಂದುಕೊಂಡಿದ್ದೆ.

ಅಷ್ಟಕ್ಕೂ ಅವತ್ತು ನನಗೆ ಅರ್ಜೆಂಟ್ ಏನೂ ಇರಲಿಲ್ಲ. ಆ ವೇಗದಿಂದ ಉಳಿತಾಯ ಆಗೋದು 10 ಕಿಲೋಮೀಟರಿಗೆ ಎರಡು ನಿಮಿಷ ಚಿಲ್ಲರೆ. ಅದಕ್ಕಿಂತ ಜಾಸ್ತಿ ಹೊತ್ತು ಈ ಫೋಟೋ ನೋಡುತ್ತಾ ಕೂತಿದ್ದೇನೆ.

ಕಟ್ಟಿಬಿಟ್ಟೆ. ರಸೀದಿಯೂ ಬಂತು.

ಈಗ ಬಕೆಟ್ ಹಿಡಿದು ಹೊರಟಿದ್ದೇನೆ, ಆ ಕೆಸರು ತೊಳೆಯೋಕೆ.