ಲೈಟ್ ಆರಿಸಿ

ಶನಿವಾರ ಸಂಜೆಯಿಂದ ಅದೊಂದೇ ಮಾತು ಕಿವಿಯಲ್ಲಿ ಕೂತಿದೆ. "ಲೈಟ್ ಆರಿಸಿ."

ಮುಚ್ಚಿ ವರ್ಷಗಳಾಗಿದ್ದ ಡ್ರೈವ್-ಇನ್ ಥಿಯೇಟರಿನ, ಅಂದರೆ ಬಯಲಲ್ಲಿ ಕಾರೊಳಗೇ ಕೂತು ಸಿನಿಮಾ ನೋಡುವ ಜಾಗದ, ಪರದೆ ಕೆಡವುತ್ತಾರೆ ಅಂತ ಗೊತ್ತಾಗಿ ಗೆಳೆಯನ ಜೊತೆ ನೋಡಲು ಹೋಗಿದ್ದೆ. ತಡವಾಗಿತ್ತು. ಪರದೆ ಆಗಲೇ ನೆಲಕ್ಕುರುಳಿ ಬರೀ ಕಬ್ಬಿಣದ ಕಂಬಗಳು ಉಳಿದಿದ್ದವು. ಮಬ್ಬುಗತ್ತಲಲ್ಲಿ ಕಾರನ್ನು ಒಳಗೆ ತಿರುಗಿಸಿದೆ. ಎದೆಯುದ್ದ ಬೆಳೆದ ಹುಲ್ಲಿನ ನಡುವೆ ನಿಂತಿದ್ದ ವಯಸ್ಸಾದವರೊಬ್ಬರು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿದರು. "ಲೈಟ್ ಆರಿಸಿ" ಅಂದರು.

ಗೆಳೆಯ ನಕ್ಕುಬಿಟ್ಟ. ಪರದೆಯೇ ಇಲ್ಲವಲ್ಲ, ಯಾರಿಗೆ ತೊಂದರೆ ಅಂದ. ಒಳ್ಳೆಯವನೇ, ಆದರೆ ಎದುರಿಗಿರುವವರ ಮುಖ ನೋಡದೆ ಮಾತಾಡುತ್ತಾನೆ. ಅದು ನನಗೆ ಯಾವತ್ತೂ ಹಿಡಿಸಿಲ್ಲ. ನಾನು ಕಾರಿನ ಲೈಟ್ ಆರಿಸಿದೆ. ಅವರು ತಲೆಯಾಡಿಸಿ ಪಕ್ಕಕ್ಕೆ ಸರಿದರು, ಟಿಕೆಟ್ ನೋಡಿ ಒಳಗೆ ಬಿಟ್ಟವರ ಹಾಗೆ.

ಅಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುವುದೇ ಅವರ ಕೆಲಸವಾಗಿತ್ತಂತೆ. ಹುಲ್ಲಿನಡಿಯ ದಿಬ್ಬಗಳನ್ನು ಕಾಲಿನಿಂದ ತಟ್ಟಿ ತೋರಿಸಿದರು. ಮುಂದಿನ ಚಕ್ರ ದಿಬ್ಬ ಹತ್ತಿದರೆ ಕಾರಿನ ಮೂತಿ ಮೇಲೇಳುತ್ತದೆ, ಎದುರಿನ ಕಾರಿನ ಮೇಲಿಂದ ಪರದೆ ಕಾಣುತ್ತದೆ. ಡ್ರೈವ್-ಇನ್ನಿನ ಗುಟ್ಟು ಇಷ್ಟೇ. ಅಮೆರಿಕದ ರಿಚರ್ಡ್ ಹಾಲಿಂಗ್ಸ್‌ಹೆಡ್ ಮನೆಯಂಗಳದಲ್ಲಿ ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಮರಗಳಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿ, ಕೊನೆಗೆ 1933ರ ಜೂನ್ 6ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್ ಹತ್ತಿರ ಮೊದಲನೆಯದನ್ನು ತೆರೆದರು. ದಿಬ್ಬದ ಉಪಾಯಕ್ಕೆ ಪೇಟೆಂಟನ್ನೂ ಪಡೆದಿದ್ದರು. 1949ರಲ್ಲಿ ಕೋರ್ಟು ಆ ಪೇಟೆಂಟ್ ನಿಲ್ಲುವುದಿಲ್ಲ ಅಂದಿತು. 1950ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ 4,000ಕ್ಕೂ ಜಾಸ್ತಿ ಡ್ರೈವ್-ಇನ್‌ಗಳಿದ್ದವು. ಈಗ 300ರ ಆಸುಪಾಸು.

ಸ್ಪೀಕರ್ ತೂಗುಹಾಕುತ್ತಿದ್ದ ಕಂಬವೂ ಒಂದು ಇನ್ನೂ ನಿಂತಿತ್ತು. ಕಾರಿನ ಕಿಟಕಿಯ ಎತ್ತರದಲ್ಲಿ ಕೊಕ್ಕೆ, ತುಂಡಾದ ವೈರು. ಕೊಕ್ಕೆಯ ಸುತ್ತ ಮಾತ್ರ ಬಣ್ಣ ಸವೆದು ನುಣ್ಣಗಾಗಿತ್ತು, ಎಷ್ಟು ಕೈಗಳು ತಾಕಿದ್ದವೋ. ಸಿನಿಮಾದ ಶಬ್ದ ಕೇಳಲು ಅಲ್ಲಿಂದ ಸ್ಪೀಕರ್ ಬಿಡಿಸಿ ಗಾಜಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಸಿನಿಮಾ ಮುಗಿದ ಮೇಲೆ ವಾಪಸ್ ಇಡಲು ಮರೆತು ವೈರ್ ಸಮೇತ ಕಿತ್ತುಕೊಂಡು ಹೋಗುತ್ತಿದ್ದವರೂ ಇದ್ದರಂತೆ. ಆಮೇಲೆ ಕಾರಿನ ರೇಡಿಯೋದಲ್ಲೇ ಎಫ್‌ಎಂ ಮೂಲಕ ಶಬ್ದ ಬರತೊಡಗಿತು, ಆ ತಾಪತ್ರಯ ತಪ್ಪಿತು.

ಟಿವಿ ಬಂದು ಡ್ರೈವ್-ಇನ್ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಎಕರೆಗಟ್ಟಲೆ ಜಾಗ ಬೇಕು, ಅದೂ ರಾತ್ರಿ ಮಾತ್ರ ದುಡಿಯುವ ಜಾಗ. ಭೂಮಿ ಬೆಲೆ ಏರಿದಾಗ ಮಾರುವುದೇ ಲಾಭ ಅನ್ನಿಸುತ್ತದೆ. ಅಮೆರಿಕದಲ್ಲಿ 1966ರ ಕಾನೂನು ಬಂದು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದು ಹೆಚ್ಚುಕಡಿಮೆ ಎಲ್ಲ ಕಡೆ ಜಾರಿಯಾಯಿತು. ಕತ್ತಲಾಗುವುದು ತಡವಾಯಿತು, ಸಿನಿಮಾ ಶುರುವಾಗುವುದು ಇನ್ನೂ ತಡ, ಅಷ್ಟರಲ್ಲಿ ಮಕ್ಕಳು ನಿದ್ದೆ. ಕೊನೆಗೆ ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಪ್ರೊಜೆಕ್ಟರಿಗೆ ಹತ್ತಾರು ಸಾವಿರ ಡಾಲರ್ ಹೊಂದಿಸಲಾಗದೆ ಮುಚ್ಚಿದವರೂ ಇದ್ದಾರೆ.

ಆದರೆ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಈ ಲೆಕ್ಕವಲ್ಲ, ಆ ಅಂಗೈ. ಸಭಾಂಗಣದ ಥಿಯೇಟರಿನಲ್ಲಿ ಯಾರೋ ಒಬ್ಬರು ಸ್ವಿಚ್ ಒತ್ತಿದರೆ ಕತ್ತಲು. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರೂ ತಮ್ಮ ಲೈಟ್ ತಾವೇ ಆರಿಸಬೇಕು. ಒಬ್ಬ ಮರೆತರೂ ಎಲ್ಲರ ಸಿನಿಮಾ ಬೆಳ್ಳಗಾಗುತ್ತದೆ. ನೂರಾರು ಕಾರುಗಳು, ಪರಸ್ಪರ ಹೆಸರೂ ಗೊತ್ತಿಲ್ಲದವರು, ಎಲ್ಲರೂ ಸೇರಿ ಮಾಡಿದ ಕತ್ತಲು ಅದು. ಈಗ ರಾತ್ರಿ ರಸ್ತೆಯಲ್ಲಿ ಎದುರಿಗೆ ಬರುವವರು ಹೈ ಬೀಮ್ ಕೂಡ ಇಳಿಸುವುದಿಲ್ಲ, ಅಲ್ವಾ?

ಹೊರಡುವಾಗ ಏನೂ ಕಾಣುತ್ತಿರಲಿಲ್ಲ. ಕೈ ಲೈಟಿನ ಕಡೆ ಹೋಯಿತು. ಅವರು ಇನ್ನೂ ಆ ಕಬ್ಬಿಣದ ಕಂಬಗಳ ಕಡೆ ಮುಖ ಮಾಡಿ ನಿಂತಿದ್ದರು. ಹಾಕಲಿಲ್ಲ. ಗೆಳೆಯ ಕಿಟಕಿಯಿಂದ ತಲೆ ಹೊರಗೆ ಚಾಚಿ "ನಿಧಾನ... ಸ್ವಲ್ಪ ಎಡಕ್ಕೆ... ಬಾ ಬಾ" ಅಂತ ಪಿಸುದನಿಯಲ್ಲಿ ದಾರಿ ಹೇಳುತ್ತಾ ಗೇಟು ದಾಟಿಸಿದ.