ಭಾರತಿಯಲ್ಲಿ ಗ್ರಹಣ, ತೀರ್ಥಹಳ್ಳಿಯಲ್ಲಿ ಮೋಡ

ತೀರ್ಥಹಳ್ಳಿಯಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆಯಿರಿ. ಮೊದಲು ಶೃಂಗೇರಿ ಸಿಗುತ್ತದೆ. ಘಟ್ಟ ಇಳಿದರೆ ಪುತ್ತೂರಿನ ಆಸುಪಾಸು, ಮುಂದೆ ಕೇರಳದ ಪಯ್ಯನ್ನೂರಿನ ಹತ್ತಿರ ಸಮುದ್ರ. ಅಲ್ಲಿಂದ ಬರೀ ನೀರು, ಒಂದು ದ್ವೀಪವೂ ಅಡ್ಡ ಬರುವುದಿಲ್ಲ. ಸುಮಾರು 9,000 ಕಿಲೋಮೀಟರ್ ಕಳೆದ ಮೇಲೆ ಅಂಟಾರ್ಕ್ಟಿಕಾ. ಅಲ್ಲಿ ಗೆರೆಯಿಂದ ಒಂದೇ ಡಿಗ್ರಿ ಪೂರ್ವಕ್ಕೆ ನಮ್ಮ ದೇಶದ ‘ಭಾರತಿ’ ಸಂಶೋಧನಾ ನೆಲೆ ಇದೆ. ಹಡಗಿನ 134 ಕಂಟೇನರ್‌ಗಳನ್ನು ಜೋಡಿಸಿ ಕಟ್ಟಿದ್ದು, 2012ರಿಂದ ನಡೆಯುತ್ತಿದೆ.

2025ರಲ್ಲಿ ನನ್ನ ಚಿಕ್ಕಮ್ಮನ ಮಗ ಅಲ್ಲಿದ್ದ. ಜನರೇಟರ್ ನೋಡಿಕೊಳ್ಳುವ ಕೆಲಸ. ಚಳಿಗಾಲ ಕಳೆಯಲು ಒಪ್ಪಿಕೊಂಡವರು ಸಮುದ್ರ ಹೆಪ್ಪುಗಟ್ಟಿದ ಮೇಲೆ ಸುಮ್ನೆ ವಾಪಸ್ ಬರಲು ಆಗುವುದಿಲ್ಲ. ಮುಂದಿನ ಬೇಸಿಗೆಯ ಹಡಗಿಗೆ ಕಾಯಬೇಕು.

ಆ ವರ್ಷ ಸೆಪ್ಟೆಂಬರ್ 7, ಭಾದ್ರಪದ ಹುಣ್ಣಿಮೆ, ಖಗ್ರಾಸ ಚಂದ್ರಗ್ರಹಣ. ಅಮ್ಮ ಮಧ್ಯಾಹ್ನವೇ ಎಲ್ಲರಿಗೂ ಊಟ ಹಾಕಿ, ಮೊಸರಿಗೂ ಉಪ್ಪಿನಕಾಯಿ ಭರಣಿಗೂ ದರ್ಭೆ ಇಟ್ಟು ಕೂತಿದ್ದರು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಆದರೂ ದರ್ಭೆ ತೆಗೆಯುವ ಧೈರ್ಯ ಯಾರಿಗಿದೆ? ಸಂಜೆಯಿಂದ ಜಿಟಿಜಿಟಿ ಮಳೆ ಬೇರೆ. ಅಡಿಕೆಗೆ ಕೊಳೆ ಬಂದೀತೆಂಬ ಚಿಂತೆ ಮನೆಯಲ್ಲಿ ಗ್ರಹಣಕ್ಕಿಂತ ಜಾಸ್ತಿ ಇತ್ತು.

ರಾತ್ರಿ ತಮ್ಮನ ವಾಟ್ಸಾಪ್ ಕರೆ ಬಂತು. ಹಿಮಖಂಡದಿಂದ ಅವನ ಮಾತು ಸ್ಪಷ್ಟ. ಇತ್ತ ನಾನು ಸಿಗ್ನಲ್ ಹುಡುಕಿಕೊಂಡು ಛತ್ರಿ ಹಿಡಿದು ಅಂಗಳದ ಮೂಲೆಗೆ ಹೋಗಬೇಕು.

“ಅಕ್ಕಾ, ಹಿಡೀತು ನೋಡು, ಬಲಗಡೆಯಿಂದ,” ಎಂದ. 9:57 ಆಗಿತ್ತು. ನಮ್ಮ ಮೋಡವೂ ಆಗ ಸ್ವಲ್ಪ ಸರಿಯಿತು. ನೋಡಿದರೆ ಕಪ್ಪಾಗಿದ್ದು ಎಡಗಡೆ, ಕೆಳಗಿನ ಅಂಚು.

ಸೂರ್ಯಗ್ರಹಣದ ಕತ್ತಲೆ ಊರಿಂದ ಊರಿಗೆ ಓಡುತ್ತದೆ, ಹಾಗಾಗಿ ಒಂದೊಂದು ಊರಿಗೆ ಒಂದೊಂದು ಹೊತ್ತು. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ನಿಜವಾಗಿಯೂ ಚಂದ್ರನ ಮೇಲೇ ಬೀಳುತ್ತದೆ. ಚಂದ್ರ ಕಾಣುವ ಎಲ್ಲರಿಗೂ ಅದು ಒಂದೇ ಕ್ಷಣ. ಬೇರೆಯಾಗುವುದು ನೋಡುವವರು ನಿಂತ ರೀತಿ. ನಾನು ದಕ್ಷಿಣದ ಕಡೆ ಮುಖ ಮಾಡಿ, ಕತ್ತು ನೋಯುವಷ್ಟು ಮೇಲೆ ನೋಡಬೇಕಿತ್ತು. ಗ್ರಹಣದ ಮಧ್ಯಕಾಲಕ್ಕೆ ಇಲ್ಲಿ ಚಂದ್ರ ಸುಮಾರು 67 ಡಿಗ್ರಿ ಎತ್ತರದಲ್ಲಿದ್ದ. ತಮ್ಮ ಉತ್ತರಕ್ಕೆ ತಿರುಗಿ ನಿಂತಿದ್ದ. ಅವನಿಗೆ 26 ಡಿಗ್ರಿ ಅಷ್ಟೇ. ಇಬ್ಬರೂ ಎದುರುಬದುರು ನಿಂತು ನಡುವಿನ ಒಂದೇ ದೀಪ ನೋಡಿದ ಹಾಗೆ.

ಅಮ್ಮ ಜಗಲಿಯಿಂದಲೇ ಕೂಗಿದರು, “ಅಲ್ಲಿ ಮೊಲ ಕಾಣ್ತದಾ ಕೇಳು.”

“ಕಾಣ್ತದೆ ದೊಡ್ಡಮ್ಮಾ, ತಲೆಕೆಳಗಾಗಿ!”

“ಊಟ ಮಾಡಿ ಕೂತಿದ್ಯಾ ಎಂತ? ಒಂದು ದರ್ಭೆಯಾದ್ರೂ ಇಟ್ಕೋಬಾರದಾ ಮಾರಾಯ?”

“ದರ್ಭೆ ಎಲ್ಲಿಂದ ತರ್ಲಿ? ಇಲ್ಲಿ ಹುಲ್ಲೇ ಹುಟ್ಟಲ್ಲ!” ಆ ಬಂಡೆಗಳ ಮೇಲೆ ಹಾವಸೆ, ಕಲ್ಲುಹೂವು ಬಿಟ್ಟರೆ ಹಸಿರೇ ಇಲ್ಲವಂತೆ. ಅಮ್ಮನಿಗೆ ಇದೇ ದೊಡ್ಡ ಆಘಾತ. ಮೈನಸ್ 18 ಡಿಗ್ರಿ ಚಳಿ ಎಂದರೂ ಅವರು ಅಷ್ಟು ಗಾಬರಿಯಾಗಲಿಲ್ಲ.

11:01ಕ್ಕೆ ಚಂದ್ರ ಪೂರ್ತಿ ನೆರಳಿನೊಳಗೆ ಹೋಗುವ ಹೊತ್ತಿಗೆ ನಮ್ಮಲ್ಲಿ ಮೋಡ ಮತ್ತೆ ಕವಿಯಿತು. ಮುಂದಿನ 82 ನಿಮಿಷ ನಾನು ನೋಡಿದ್ದೆಲ್ಲ ಅವನ ಬಾಯಲ್ಲಿ. ಅವನು ಚಂದ್ರನ ಕೆಂಪಿನ ಬಗ್ಗೆ ಹೆಚ್ಚು ಹೇಳಲೇ ಇಲ್ಲ. ಭೂಮಿಯ ಸುತ್ತಲಿನ ಗಾಳಿಯಲ್ಲಿ ಬಾಗಿ ಹೋದ ಬೆಳಕು ಆ ಬಣ್ಣ ಕೊಡುತ್ತದೆ, ಅದು ಎಲ್ಲ ಕಡೆಯೂ ಕಂಡದ್ದೇ. ಅವನು ಹೇಳಿದ್ದು ನೆಲದ ಬಗ್ಗೆ. ಅಲ್ಲಿ ಹುಣ್ಣಿಮೆ ರಾತ್ರಿ ಹಿಮದ ಮೇಲೆ ಟಾರ್ಚ್ ಬೇಡ, ನಮ್ಮ ನೆರಳು ಕರ್ರಗೆ ಬೀಳುತ್ತದೆ. ಆ ನೆರಳು ಮೊದಲು ಮಸುಕಾಯಿತು, ಆಮೇಲೆ ಇಲ್ಲವೇ ಇಲ್ಲ. ದೂರದ ಹಿಮಗಡ್ಡೆಗಳು ಒಂದೊಂದಾಗಿ ಕಾಣೆಯಾದವು. ಅಷ್ಟು ಹೊತ್ತು ಖಾಲಿಯಿದ್ದ ಆಕಾಶದಲ್ಲಿ ನಕ್ಷತ್ರಗಳು ತುಂಬಿದವು. ಫೋಟೋ ತೆಗೆಯಲು ಹೋದರೆ ಚಳಿಗೆ ಬ್ಯಾಟರಿ ಸತ್ತಿತ್ತು. ಒಳಗೆ ಓಡಿ ಬೇರೆ ಫೋನಿನಿಂದ ಮತ್ತೆ ಕರೆ ಮಾಡಿದ. ಅದೂ ಸ್ವಲ್ಪ ಹೊತ್ತಷ್ಟೇ ಬಾಳಿತು.

ಧ್ರುವದಲ್ಲಿ ಗ್ರಹಣ ಚೆನ್ನಾಗಿ ಕಾಣುತ್ತದೆ ಎಂದು ಇಷ್ಟಕ್ಕೇ ನಂಬಬೇಡಿ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ. ಅಲ್ಲಿ ಕಡುಚಳಿಗಾಲದಲ್ಲಿ ಸೂರ್ಯ ಹುಟ್ಟುವುದಿಲ್ಲ, ಹಾಗಾಗಿ ಹುಣ್ಣಿಮೆ ಚಂದ್ರ ಮುಳುಗುವುದೂ ಇಲ್ಲ. ಬೇಸಿಗೆಯಲ್ಲಿ ಉಲ್ಟಾ: ಮಧ್ಯರಾತ್ರಿಯೂ ಬಿಸಿಲು, ಹುಣ್ಣಿಮೆ ಚಂದ್ರ ಮೇಲೆ ಬರುವುದೇ ಇಲ್ಲ.

2028ರ ಡಿಸೆಂಬರ್ 31ರಂದು ಇದು ಚೆನ್ನಾಗಿ ಗೊತ್ತಾಗಲಿದೆ. ಅಂದು ರಾತ್ರಿ ಹತ್ತು ಗಂಟೆಯ ಆಸುಪಾಸಿಗೆ ನಮ್ಮಲ್ಲಿ ಖಗ್ರಾಸ. ಭಾರತಿಯಲ್ಲಿ ಏನೂ ಇಲ್ಲ. ಇನ್ನೊಂದು ತುದಿಯಲ್ಲಿ, ಉತ್ತರ ಧ್ರುವದ ಕಡೆಯ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ನಮ್ಮ ‘ಹಿಮಾದ್ರಿ’ ನೆಲೆಯಲ್ಲಿ, ಮೋಡವಿಲ್ಲದಿದ್ದರೆ ಗ್ರಹಣ ಶುರುವಿನಿಂದ ಕೊನೆಯವರೆಗೆ ಕಾಣುತ್ತದೆ. 2023ರ ಡಿಸೆಂಬರ್‌ನಿಂದ ಭಾರತ ಅಲ್ಲಿಗೆ ಚಳಿಗಾಲದಲ್ಲೂ ತಂಡ ಕಳಿಸಲು ಶುರು ಮಾಡಿದೆ. ತಮ್ಮ ಅದಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾನೆ. ಎಲ್ಲಿಗೂ ಹೋಗಬೇಡ, ಇಲ್ಲೇ ಬಾ ಎಂದು ಹೇಳಿದ್ದೇನೆ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಮೋಡ ಕಡಿಮೆ. ಅಡಿಕೆ ಗೊನೆ ಕೊಯ್ಲಿನ ಸಮಯ ಬೇರೆ, ಸುಲಿಯಲು ಜನ ಸಿಗುತ್ತಿಲ್ಲ.