ತಲೆಯಿಲ್ಲದ ಗಿಳಿ, ಸ್ಟುಟ್‌ಗಾರ್ಟಿನ ಸಂಕ್ರಾಂತಿ

"ಅಮ್ಮಾ, ಈ ಗಿಳಿಗೆ ಯಾವಾಗಲೂ ತಲೆ ಯಾಕಿರಲ್ಲ?"

ಊರಿಂದ ಬಂದ ಸಕ್ಕರೆ ಅಚ್ಚಿನ ಪೊಟ್ಟಣ ಬಿಚ್ಚುತ್ತಿದ್ದ ಮಗಳ ಪ್ರಶ್ನೆ. ಅವಳು ಕಂಡಂತೆ ಸಂಕ್ರಾಂತಿಯ ಗಿಳಿ ಅಂದರೆ ತಲೆಯಿಲ್ಲದ್ದು, ಗೋಪುರ ಅಂದರೆ ಕಳಶವಿಲ್ಲದ್ದು. ಮೈಸೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬರುವಷ್ಟರಲ್ಲಿ ಕತ್ತು ಸಣ್ಣಗಿದ್ದದ್ದೆಲ್ಲ ಮುರಿದಿರುತ್ತದೆ. ತುಳಸಿಕಟ್ಟೆ ಒಂದೇ ಪ್ರತಿವರ್ಷ ಇಡಿಯಾಗಿ ಬರುವುದು. ಹತ್ತಿಯಲ್ಲಿ ಸುತ್ತಿ, ಡಬ್ಬಿಯೊಳಗೆ ಹುರಿಗಡಲೆಯ ನಡುವೆ ಹೂತು ಕಳಿಸಿದರೂ ಅಷ್ಟೆ. ಸಕ್ಕರೆ ಹರಳುಗಟ್ಟಿ ನಿಂತ ಮೇಲೆ ಅದಕ್ಕೆ ಬಾಗುವ ಗುಣವಿಲ್ಲ, ಏಟು ಬಿದ್ದರೆ ಸಣ್ಣ ಜಾಗದಲ್ಲೇ ತುಂಡಾಗುತ್ತದೆ.

ಹಾಗಾಗಿ ಈ ಸಲ ಅಚ್ಚು ಇಲ್ಲೇ ಹಾಕುವುದೆಂದಾಯಿತು. ಸಕ್ಕರೆಗೆ ಬರವಿಲ್ಲ. ಅಡುಗೆಮನೆಗೆ ಬೇಕಾದ್ದೆಲ್ಲ ಇದೆ, ಮರದ ಅಚ್ಚುಗಳ ಹೊರತು.

ಇದನ್ನು ಮೆಟ್ಟಿಲ ಮೇಲೆ ನಿಂತು ಮೇಲಿನ ಮನೆಯ ಅಜ್ಜಿಯ ಹತ್ತಿರ ಹೇಳಿದ್ದೇ ತಡ, ಸಂಜೆಗೆ ಆಕೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಹಿಡಿದು ಬಂದರು. ಒಳಗೆ ಪಿಯರ್ ಹಣ್ಣಿನ ಮರದಲ್ಲಿ ಕೆತ್ತಿದ ಹಲಗೆಗಳು: ಹುಂಜ, ಹೃದಯ, ಗೋಧಿ ತೆನೆ, ಕುದುರೆ ಸವಾರ. ಈ ಕಡೆ ಕ್ರಿಸ್ಮಸ್ಸಿಗೆ ಮಾಡುವ ಸ್ಪ್ರಿಂಗರ್ಲೆ ಬಿಸ್ಕತ್ತಿನ ಅಚ್ಚುಗಳು. ಅವರ ತಾಯಿಯದಂತೆ. ಕೊಡುವಾಗ ಒಂದೇ ಷರತ್ತು ಹಾಕಿದರು: ನೀರು ಸೋಕಿಸಕೂಡದು.

ನಮ್ಮ ಕ್ರಮಕ್ಕೆ ಇದು ತೀರಾ ತಿರುಗುಮುರುಗು. ಸಕ್ಕರೆ ಅಚ್ಚಿನ ಮರವನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕದಿದ್ದರೆ ಪಾಕ ಮರಕ್ಕೇ ಕಚ್ಚಿಕೊಳ್ಳುತ್ತದೆ. ಸ್ಪ್ರಿಂಗರ್ಲೆಯ ಹಲಗೆ ನೆಂದರೆ ಉಬ್ಬಿ, ಒಣಗುವಾಗ ಬಿರುಕು ಬಿಡುತ್ತದೆ, ಕೂದಲೆಳೆಯಷ್ಟು ಸಣ್ಣ ಗೆರೆಗಳು ಅಳಿಸಿಹೋಗುತ್ತವೆ. ಹಿಟ್ಟು ಉದುರಿಸಿ ಬಳಸಬೇಕು, ಒಣ ಬ್ರಷ್ಷಿನಲ್ಲಿ ಗುಡಿಸಿ ಎತ್ತಿಡಬೇಕು. ಬಿಸಿ ಪಾಕಕ್ಕಂತೂ ಆ ಹಲಗೆಗಳು ಆಗುವುದೇ ಇಲ್ಲ. ಕೊನೆಗೆ ಪಾಕಕ್ಕೆ ಚಾಕಲೇಟಿನ ಸಿಲಿಕೋನ್ ಅಚ್ಚು, ಅಜ್ಜಿಯ ಹಲಗೆಗೆ ಬಿಸ್ಕತ್ತು ಎಂದು ತೀರ್ಮಾನವಾಯಿತು.

ಪಾಕದ ವಿಷಯ ಮೊದಲು. ಅರ್ಧ ಕಿಲೋ ಸಕ್ಕರೆಗೆ 200 ಮಿಲಿ ನೀರು ಸಾಕು. ಊರಲ್ಲಿ ಕೊಳೆ ತೆಗೆಯಲು ಎರಡು ಚಮಚ ಹಾಲು ಹಾಕಿ, ಮೇಲೆ ಬಂದ ನೊರೆ ತೆಗೆದು, ಬಟ್ಟೆಯಲ್ಲಿ ಸೋಸುತ್ತಾರೆ. ಇಲ್ಲಿನ ಬೀಟ್ ಸಕ್ಕರೆಯಲ್ಲಿ ತೆಗೆಯುವಂಥ ಕೊಳೆಯೇ ಇಲ್ಲ, ಹಾಲು ಬಿಟ್ಟರೂ ನಡೆಯುತ್ತದೆ. ಸಕ್ಕರೆ ಪೂರ್ತಿ ಕರಗುವ ತನಕ ಸಣ್ಣ ಉರಿ. ಪಾತ್ರೆಯ ಅಂಚಿಗೆ ಅಂಟಿದ ಹರಳನ್ನು ಒದ್ದೆ ಬ್ರಷ್ಷಿನಿಂದ ಒಳಗೆ ಇಳಿಸಿ, ಆಮೇಲೆ ಉರಿ ಏರಿಸಬೇಕು. ನೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತನೆ ಉಂಡೆಯಾಗುವ ಹದ ಬೇಕು. ಥರ್ಮಾಮೀಟರ್ ಇದ್ದರೆ 115 ಡಿಗ್ರಿ ಸೆಲ್ಸಿಯಸ್. 110ರ ಒಳಗೆ ಇಳಿಸಿದರೆ ಅಚ್ಚು ಒದ್ದೆಯಾಗಿಯೇ ಉಳಿದು ತೆಗೆಯುವಾಗ ಕುಸಿಯುತ್ತದೆ. 120 ದಾಟಿತೋ, ಸೌಟಿನಲ್ಲೇ ಕಲ್ಲಾಗುತ್ತದೆ. ಹಾಗಾದರೆ ಎಸೆಯಬೇಡಿ. ಎರಡು ಮೂರು ಚಮಚ ನೀರು ಬೆರೆಸಿ ಕರಗಿಸಿ, ಮತ್ತೆ ಹದಕ್ಕೆ ತಂದರೆ ಸರಿಹೋಗುತ್ತದೆ. ನಿಂಬೆರಸ ಮಾತ್ರ ಬೇಡ. ಬೇರೆ ಪಾಕಗಳು ಹರಳುಗಟ್ಟದಿರಲಿ ಎಂದು ನಿಂಬೆ ಹಿಂಡುತ್ತೇವೆ, ಇಲ್ಲಿ ಹರಳುಗಟ್ಟುವುದೇ ಬೇಕಾದದ್ದು.

ಇನ್ನು ಕೈಚಳಕದ ಭಾಗ. ಇಡೀ ಪಾಕವನ್ನು ಒಮ್ಮೆಗೇ ಅರೆಯಲು ಹೋಗಬಾರದು. ಒಂದೊಂದೇ ಸೌಟು ಪಾಕವನ್ನು ಪುಟ್ಟ ಬಾಣಲೆಗೆ ತೆಗೆದುಕೊಂಡು, ಮರದ ಚಮಚದ ಬೆನ್ನಿನಿಂದ ಅಂಚಿಗೆ ಉಜ್ಜುತ್ತಿರಬೇಕು. ಮೊದಲು ಅಂಚು ಮಂಜಾಗುತ್ತದೆ, ಆಮೇಲೆ ನೋಡನೋಡುತ್ತಲೇ ಪಾಕವೆಲ್ಲ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣ ಸುರಿದುಬಿಡಬೇಕು. ಬೇಗ ಸುರಿದರೆ ಅಂಟು, ತಡೆದರೆ ಬಾಣಲೆಯಲ್ಲೇ ಗಟ್ಟಿ. ನೆನೆದ ಮರದಲ್ಲಿ ಹತ್ತು ನಿಮಿಷಕ್ಕೆ ಬಿಟ್ಟುಕೊಳ್ಳುವ ಅಚ್ಚು ಸಿಲಿಕೋನಿನಲ್ಲಿ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅವಸರ ಮಾಡಿದರೆ ಗಿಳಿಯ ತಲೆ ಇಲ್ಲೂ ಹೋಗುತ್ತದೆ. ಸಿಲಿಕೋನಿನ ಅಚ್ಚಿಗೆ ಬೆನ್ನು ಚಪ್ಪಟೆ. ಅದಕ್ಕೂ ಉಪಾಯವಿದೆ: ಎಡಮುಖದ್ದೊಂದು, ಬಲಮುಖದ್ದೊಂದು ಹಕ್ಕಿ ಸಿಗುವ ಅಚ್ಚು ಕೊಂಡು, ಎರಡರ ಬೆನ್ನಿಗೂ ಬಿಸಿ ಪಾಕ ಸವರಿ ಜೋಡಿಸಿದರೆ ಇಡೀ ಹಕ್ಕಿ. ಮಕ್ಕಳನ್ನು ಸುರಿಯುವ ಕೆಲಸಕ್ಕೆ ಬಿಡಬೇಡಿ. 115 ಡಿಗ್ರಿಯ ಪಾಕ ಬಿದ್ದರೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಅಚ್ಚು ಬಿಡಿಸುವುದು, ಕೇಸರಿ ನೆನೆಸಿದ ಹನಿ ನೀರಲ್ಲಿ ಕಡ್ಡಿ ಅದ್ದಿ ಕಣ್ಣು ಬರೆಯುವುದು ಅವರ ಪಾಲಿಗಿರಲಿ. ಹನಿ ಹೆಚ್ಚಾದರೆ ಕಣ್ಣಿನ ಜಾಗದಲ್ಲಿ ಗುಳಿ ಬೀಳುತ್ತದೆ.

ಅಜ್ಜಿಯ ಬಿಸ್ಕತ್ತಿನ ಕ್ರಮದಲ್ಲಿ ಮೊಟ್ಟೆ ಇದೆ. ಹಿಟ್ಟು ಒತ್ತಿ ಒಂದು ಇಡೀ ದಿನ ಒಣಗಲು ಬಿಟ್ಟು, ಆಮೇಲೆ ಸಣ್ಣ ಶಾಖದಲ್ಲಿ ಬೇಯಿಸುವುದು. ಮೇಲಿನ ಪದರ ಒಣಗಿರುವುದರಿಂದ ಚಿತ್ರ ಕೆಡದೆ, ಉಬ್ಬೆಲ್ಲ ಅಡಿಯಿಂದ ಬರುತ್ತದೆ. ಹಬ್ಬದ ದಿನ ಮೊಟ್ಟೆ ಆಗದು ಎಂದಾಗ ಆಕೆ ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಸ್ವಲ್ಪ ಯೋಚಿಸಿ, "ಹಾಗಾದರೆ ಉಬ್ಬಿಸುವ ಪುಡಿಯೂ ಬೇಡ, ಚಿತ್ರ ಹಿಡಿದಿಡುವ ಕೆಲಸ ಫ್ರೀಜರಿಗೆ ಬಿಡು" ಎಂದರು. 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 125 ಗ್ರಾಂ ಬೆಲ್ಲದ ಪುಡಿ, ಎರಡು ಚಮಚ ಹಾಲು, ಅರ್ಧರ್ಧ ಚಮಚ ಏಲಕ್ಕಿ, ಒಣಶುಂಠಿ. ಕಲಸಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, 8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಲಗೆಗೆ ಹಿಟ್ಟು ಉದುರಿಸಿ ಕೊಡವಿ, ನೇರ ಮೇಲಿಂದ ಒತ್ತಬೇಕು. ಅಲುಗಿಸಿದರೆ ಹುಂಜಕ್ಕೆ ಎರಡೆರಡು ಕೊಕ್ಕು. ಒತ್ತಿದ್ದನ್ನು 20 ನಿಮಿಷ ಫ್ರೀಜರಿನಲ್ಲಿಟ್ಟು 160 ಡಿಗ್ರಿ ಓವನ್ನಿಗೆ ಹಾಕಿ, 15ರಿಂದ 18 ನಿಮಿಷ. ಫ್ರೀಜರಿನ ಹಂತ ಬಿಟ್ಟರೆ ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಗೆರೆಗಳು ಹರಡಿಹೋಗುತ್ತವೆ. ಎಳ್ಳು ಬೇಕೆನಿಸಿದರೆ ತಟ್ಟೆಗೆ ಉದುರಿಸಿ, ಅದರ ಮೇಲೆ ಬಿಸ್ಕತ್ತು ಇಡಿ. ಮೇಲೆ ಹಾಕಿದರೆ ಸವಾರನ ಮುಖವೆಲ್ಲ ಎಳ್ಳಾಗುತ್ತದೆ. ಅವರ ಕ್ರಮದಲ್ಲೂ ಸೋಂಪು ಹೋಗುವುದು ಅಡಿಗೇ.

ಎಳ್ಳು ಬೆರಕೆಗೆ ನಮ್ಮ ಮನೆಯ ಅಳತೆ ಸುಲಭದ್ದು. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಒಂದೊಂದು ಬಟ್ಟಲು, ಎಳ್ಳು ಕಾಲು ಬಟ್ಟಲು. ಕಡಲೆಕಾಯಿ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಹೋಳು ಮಾಡಿ, ಮೂತಿ ತೆಗೆದು ಇಡುವುದು. ಎಳ್ಳು ಚಟಪಟ ಎನ್ನುತ್ತಲೇ ಇಳಿಸುವುದು. ಎಲ್ಲ ಪೂರ್ತಿ ತಣ್ಣಗಾದ ಮೇಲಷ್ಟೇ ಬೆಲ್ಲ ಸೇರಬೇಕು, ಇಲ್ಲವಾದರೆ ಒಂದು ರಾತ್ರಿಗೆ ಮುದ್ದೆ. ಬಿಸಿಲಿಲ್ಲದ ಜನವರಿಯಲ್ಲಿ ಬೆಲ್ಲ ಒಣಗಿಸುವುದು ಹೇಗೆ ಎನ್ನುವವರಿಗೆ: ಹೀಟರ್ ಉರಿಯುವ ಕೋಣೆಯ ಗಾಳಿ ನಮ್ಮ ಊರಿನ ಮಾಗಿಗಿಂತಲೂ ಒಣ. ಹೆಚ್ಚಿದ ಬೆಲ್ಲವನ್ನು ತಟ್ಟೆಯಲ್ಲಿ ಹರಡಿ ಹೀಟರಿನ ಪಕ್ಕದಲ್ಲಿಡಿ, ಮೇಲೆ ಬೇಡ. ಎರಡು ಮೂರು ದಿನಕ್ಕೆ ಗಲಗಲ ಅನ್ನುತ್ತದೆ.

ತೊಡಕು ಕೊಬ್ಬರಿಯದು. ತುರಿದು ಒಣಗಿಸಿದ್ದು ಎಲ್ಲ ಅಂಗಡಿಯಲ್ಲೂ ಇದೆ, ಗಿಟುಕಿಗೆ ಅದೃಷ್ಟ ಬೇಕು. ಹಸಿ ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, 60ರಿಂದ 70 ಡಿಗ್ರಿಯ ಓವನ್ನಿನಲ್ಲಿ, ಬಾಗಿಲಿಗೆ ಮರದ ಚಮಚ ಸಿಕ್ಕಿಸಿ ಹವೆ ಹೊರಗೆ ಬಿಡುತ್ತ ನಾಲ್ಕೈದು ಗಂಟೆ ಇಟ್ಟರೆ ಒಣಗುತ್ತದೇನೋ ಸರಿ. ಶಾಖ ಏರಿಸಿದರೆ ಅಂಚು ಕೆಂಪಗಾಗಿ ಹುರಿದ ವಾಸನೆ ಬರುತ್ತದೆ, ಒಳಗೆ ಹಸಿಯೇ ಉಳಿದು ವಾರದಲ್ಲಿ ಬೂಸಲು. ಎಷ್ಟು ಚೆನ್ನಾಗಿ ಒಣಗಿದರೂ ಅದು ಒಣಗಿದ ತೆಂಗಿನಕಾಯಿಯೇ ಹೊರತು ಕೊಬ್ಬರಿಯಲ್ಲ. ತಿಪಟೂರು, ಅರಸೀಕೆರೆ ಕಡೆಯ ಉಂಡೆ ಕೊಬ್ಬರಿ ಸಿಪ್ಪೆಯೊಳಗೇ ಅಟ್ಟದ ಮೇಲೆ ತಿಂಗಳುಗಟ್ಟಲೆ, ವರ್ಷದ ಹತ್ತಿರ ಹತ್ತಿರ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ಉಂಡೆ ಚಿಪ್ಪಿನಿಂದ ಬಿಡಿಸಿಕೊಂಡು ಅಲ್ಲಾಡಿಸಿದರೆ ಸದ್ದು ಮಾಡಬೇಕು. ಆ ಎಣ್ಣೆಯ ಸಿಹಿಯನ್ನು ಓವನ್ ಒಂದು ಮಧ್ಯಾಹ್ನದಲ್ಲಿ ಎಲ್ಲಿಂದ ತಂದೀತು?

ಅಮ್ಮ ಅದನ್ನು ಹೆಚ್ಚುತ್ತಿದ್ದುದು ಅಡಕತ್ತರಿಯಲ್ಲಿ. ಮೊದಲು ಕರಿ ಸಿಪ್ಪೆ ಹೆರೆದು ಬೆಳ್ಳಗೆ ಮಾಡಿ, ಸೀಳಿ, ಸೀಳನ್ನು ಅಡ್ಡ ಇಟ್ಟು ಕಟಕ್ ಕಟಕ್. ಎಲ್ಲ ಒಂದೇ ಗಾತ್ರ, ಹುರಿಗಡಲೆಗಿಂತ ದೊಡ್ಡದಾಗುವಂತಿಲ್ಲ. ಹಬ್ಬ ಇನ್ನೂ ಎರಡು ವಾರ ಇದೆ ಎನ್ನುವಾಗಲೇ ಶುರು. ಹಬ್ಬದ ಹೊತ್ತಿಗೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗಿರುತ್ತಿತ್ತು. ತಾರಸಿಯ ಮೇಲೆ ಹಳೇ ಪಂಚೆ, ಅದರ ಮೇಲೆ ಬೆಲ್ಲ, ಸುತ್ತ ಇರುವೆಗೆ ಅರಿಶಿನದ ಗೆರೆ. ಕಾಗೆ ಓಡಿಸುವುದು ಮಕ್ಕಳ ಕೆಲಸ. ಕಾಗೆಗಿಂತ ಕಾವಲಿನವರೇ ಹೆಚ್ಚು ಬೆಲ್ಲ ತಿನ್ನುತ್ತಾರೆಂದು ಅಮ್ಮನಿಗೆ ಗೊತ್ತಿರಲಿಲ್ಲವೇ? ಅದಕ್ಕೆಂದೇ ಒಂದು ಅಚ್ಚು ಬೆಲ್ಲ ಹೆಚ್ಚಿಗೆ ಕೊಚ್ಚುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಈಗ ಅಮ್ಮನೂ ದೇವರಾಜ ಮಾರುಕಟ್ಟೆಯಿಂದ ಸಿದ್ಧ ಎಳ್ಳು ತರಿಸುತ್ತಾಳೆ. ಕೈ ಸೋಲುತ್ತದೆ, ತಾರಸಿ ಹತ್ತಲು ಮಂಡಿ ಬಿಡುವುದಿಲ್ಲ. "ಬೀರೋಕೆ ಹೋಗೋರು ಯಾರಿದ್ದಾರೆ?" ಎಂಬ ಮಾತನ್ನು ದೂರಿನ ದನಿಯಲ್ಲಿ ಹೇಳಿದವಳಲ್ಲ. ಹಾಗೆ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಕಳೆದ ಸಲ ಹೊರಡುವಾಗ ಅಚ್ಚಿನ ಮರಗಳನ್ನೆಲ್ಲ ತೊಳೆದು ಒರೆಸಿ ಊಟದ ಮೇಜಿನ ಮೇಲೆ ಜೋಡಿಸಿದ್ದಳು. ಪೆಟ್ಟಿಗೆ ಆಗಲೇ 23 ಕಿಲೋ ಮುಟ್ಟಿತ್ತು. ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳ, ಯಾವುದನ್ನೂ ತೆಗೆಯುವ ಮನಸ್ಸಾಗಲಿಲ್ಲ. ಮರಗಳು ಮೇಜಿನ ಮೇಲೇ ಉಳಿದವು, ಅವಳೂ ಏನೂ ಅನ್ನಲಿಲ್ಲ. ಮೇಲಿನ ಮನೆಯ ಅಜ್ಜಿ ತಮ್ಮ ತಾಯಿಯ ಹಲಗೆಗಳನ್ನು ಒಂದು ಮಹಡಿ ಇಳಿಸಿ ಪರಕೀಯರ ಕೈಗೆ ಇಟ್ಟಾಗ ನೆನಪಾದದ್ದು ಆ ಮೇಜು.

ಹಬ್ಬದ ದಿನ ಗಲಾಟೆಗೇನೂ ಕಮ್ಮಿಯಿರಲಿಲ್ಲ. ಬೆಳಗ್ಗೆ ಪೊಂಗಲ್, ಮಧ್ಯಾಹ್ನ ಶಾಲೆಯಿಂದ ಬಂದವಳಿಗೆ ಲಂಗ, ಸಂಜೆ ಐದಕ್ಕೆಲ್ಲ ಕವಿದ ಕತ್ತಲೆಯಲ್ಲಿ ಜಾಕೆಟ್ಟಿನ ಕೆಳಗೆ ಜರಿ ಇಣುಕಿಸಿಕೊಂಡು ಮನೆಮನೆಗೆ. ಕಬ್ಬು ಇರಲಿಲ್ಲ, ಬಾಳೆಹಣ್ಣಿನಲ್ಲೇ ಮುಗಿಸಿದ್ದು. ಹೊರನಾಡಿನಲ್ಲಿ ಬೀರುವವರಿಗೆ ಒಂದು ಮಾತು: ಕಡಲೆಕಾಯಿ ಮತ್ತು ಎಳ್ಳು, ಎರಡೂ ಯುರೋಪಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಅವರ ಭಾಷೆಯಲ್ಲಿ ಬರೆದು ಅಂಟಿಸಿ. ಶಾಲೆಗೆ ಬರೀ ಸಕ್ಕರೆ ಅಚ್ಚು ಕಳಿಸಿ, ಅದನ್ನೂ ಎಳ್ಳಿನ ತಟ್ಟೆಯಿಂದ ದೂರ, ಬೇರೆ ದಿನ ಹಾಕಿ. ತೀರಾ ಚಿಕ್ಕ ಮಕ್ಕಳಿರುವ ಮನೆಗೆ ಬೆರಕೆಯನ್ನು ಕುಟ್ಟಿ ಪುಡಿ ಮಾಡಿ ಕೊಡುವುದು ಒಳ್ಳೆಯದು, ಇಡೀ ಕಡಲೆಬೀಜ ಗಂಟಲಲ್ಲಿ ಸಿಕ್ಕೀತು.

ಮೇಲಿನ ಮನೆಗೆ ಕೊನೆಗೆ ಹೋದದ್ದು. ಹುಂಜದ ಬಿಸ್ಕತ್ತನ್ನು ಬೆಳಕಿಗೆ ಹಿಡಿದು ಗೆರೆ ನೋಡಿದ ಅಜ್ಜಿ, ಬಾಲದ ಹತ್ತಿರ ಹಿಟ್ಟು ಹೆಚ್ಚು ಉದುರಿದೆ, ಗರಿ ಮುಚ್ಚಿಹೋಗಿದೆ ಎಂದರು. ಆಮೇಲೆ ತಿಂದರು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಗಿಳಿಯನ್ನು ತೋರಿಸಲಾಯಿತು, ತಲೆಯ ಸಮೇತ. ಕನ್ನಡಕ ಹಾಕಿಕೊಂಡು ಹತ್ತಿರ ತರಿಸಿ ನೋಡಿದಳು.

"ಜೋಡಿಸಿದ್ದು ಕಾಣ್ತಿದೆ. ಬೆಸೆಯೋ ಪಾಕ ಇನ್ನೊಂಚೂರು ಎಳೇದಿರಬೇಕಿತ್ತು."

"ಇಲ್ಲಿ ಮರದ ಅಚ್ಚಿಲ್ಲವಲ್ಲಮ್ಮ."

"ಇಲ್ಲಿದ್ದರೂ ಏನು ಬಂತು, ನೆನೆಹಾಕದೆ ಒಣಗಿಬಿಟ್ಟಿವೆ. ತೇರಿನದ್ದು ಒಂದು ಕಡೆ ಬಿರಿದಿದೆ."

"ಕೊಬ್ಬರಿ ಎಣ್ಣೆ ಸವರಿಡು."

"ಸವರಿಟ್ಟಿದ್ದೀನಿ. ಈ ಸಲ ಬಂದಾಗ ಹಪ್ಪಳ ಕಮ್ಮಿ ಮಾಡು."